ನ್ಯೂ ಬೀಕನ್ ಬುಕ್ಸ್: ಪ್ರಕಾಶನವಾಗಿ ಹುಟ್ಟಿದ ಪುಸ್ತಕದಂಗಡಿ

ಉತ್ತರ ಲಂಡನ್ನಿನ ಫಿನ್ಸ್‌ಬರಿ ಪಾರ್ಕ್ ನಿಲ್ದಾಣದಿಂದ ನಡೆದೇ ಹೋಗಬಹುದಾದಷ್ಟು ಹತ್ತಿರ, ಸ್ಟ್ರೌಡ್ ಗ್ರೀನ್ ರಸ್ತೆಯ 76ನೆಯ ನಂಬರಿನ ಕಟ್ಟಡದಲ್ಲಿ ನ್ಯೂ ಬೀಕನ್ ಬುಕ್ಸ್ ಇದೆ. ಆಫ್ರಿಕಾ ಮತ್ತು ಕೆರಿಬಿಯನ್ ದ್ವೀಪಗಳ ಚರಿತ್ರೆ, ಸಾಹಿತ್ಯ, ರಾಜಕೀಯಗಳಿಗೆ ಮೀಸಲಾದ ಈ ಪುಟ್ಟ ಅಂಗಡಿಯನ್ನು ಬರೀ ಮಾರಾಟ ಮಳಿಗೆಯೆಂದು ಅಳೆಯುವುದು ನ್ಯಾಯವಲ್ಲ. ಇದು ಮೊದಲು ಪ್ರಕಾಶನವಾಗಿ ಹುಟ್ಟಿ ಆಮೇಲೆ ಅಂಗಡಿಯಾದದ್ದು.

ಟ್ರಿನಿಡಾಡಿನಿಂದ 1961ರಲ್ಲಿ ಬ್ರಿಟನ್ನಿಗೆ ಬಂದ ಕವಿ, ಕಾರ್ಮಿಕ ಹೋರಾಟಗಾರ ಜಾನ್ ಲಾ ರೋಸ್ ಹಾಗೂ ಅವರ ಸಂಗಾತಿ ಸಾರಾ ವೈಟ್ 1966ರಲ್ಲಿ ಇದನ್ನು ಆರಂಭಿಸಿದರು. ಮೊದಲು ಮನೆಯಲ್ಲಿಯೇ ಪುಸ್ತಕ ಮಾರುತ್ತಿದ್ದವರು 1973ರಲ್ಲಿ ಈಗಿನ ಜಾಗಕ್ಕೆ ಬಂದರು.

ಈ ಪ್ರಕಾಶನದ ಕಸುವು ನನಗೆ ಕಾಣುವುದು ಅದರ ಮರುಮುದ್ರಣಗಳಲ್ಲಿ. ಇಂಗ್ಲೆಂಡಿನ ಹೆಸರಾಂತ ಇತಿಹಾಸಕಾರ ಜೇಮ್ಸ್ ಆಂಥನಿ ಫ್ರೂಡ್, ವೆಸ್ಟ್ ಇಂಡೀಸಿನ ಕಪ್ಪು ಜನರಿಗೆ ತಮ್ಮನ್ನು ತಾವು ಆಳಿಕೊಳ್ಳುವ ಯೋಗ್ಯತೆಯಿಲ್ಲವೆಂದು 1888ರಲ್ಲಿ ಪುಸ್ತಕ ಬರೆದಾಗ, ಟ್ರಿನಿಡಾಡಿನ ಶಾಲಾ ಮಾಸ್ತರ ಜೆ. ಜೆ. ಥಾಮಸ್ ಮರುವರ್ಷವೇ ಎದುರಾಳಿಯ ಹೆಸರಿಗೆ ‘ಅಡಾಸಿಟಿ’ (ಉದ್ಧಟತನ) ಎಂಬ ಇಂಗ್ಲಿಷ್ ಮಾತನ್ನು ಬೆಸೆದು ‘ಫ್ರೂಡಾಸಿಟಿ’ ಎಂದು ಶೀರ್ಷಿಕೆಯಿಟ್ಟು ಉತ್ತರ ಕೊಟ್ಟರು. ಆ ಉತ್ತರವನ್ನು, ಅದೇ ಲೇಖಕ 1869ರಲ್ಲಿ ಬರೆದಿದ್ದ ಕ್ರಿಯೋಲ್ (ಟ್ರಿನಿಡಾಡಿನ ಜನರಾಡುತ್ತಿದ್ದ, ಫ್ರೆಂಚ್ ಬೆರೆತ ಆಡುಮಾತು) ವ್ಯಾಕರಣದೊಡನೆ, ನ್ಯೂ ಬೀಕನ್ 1969ರಲ್ಲಿ ಮತ್ತೆ ಅಚ್ಚು ಹಾಕಿತು. ಇಂಥ ಕೃತಿಗೆ ಎಷ್ಟು ಗಿರಾಕಿಗಳಿದ್ದಾರೆಂದು ಮೊದಲು ಲೆಕ್ಕ ಹಾಕುವ ಪ್ರಕಾಶಕ ಈ ಕೆಲಸಕ್ಕೆ ಕೈಹಾಕುತ್ತಿರಲಿಲ್ಲ. (ಶೀರ್ಷಿಕೆಯ ಆ ಕುಚೋದ್ಯಕ್ಕಾಗಿಯೇ ಪುಸ್ತಕ ಕೊಳ್ಳುವವರಿದ್ದರೆ ಅವರನ್ನೂ ನಾನು ತಪ್ಪೆನ್ನಲಾರೆ.)

ಹಾಗೆಂದು ಇದು ಹಳೆಯದನ್ನು ಕಾಪಿಡುವ ಮನೆ ಮಾತ್ರವಲ್ಲ. ಕೆರಿಬಿಯನ್ ಮೂಲದ ಮಕ್ಕಳನ್ನು ಮಂದಬುದ್ಧಿಯವರೆಂದು ಬೇರೆ ಶಾಲೆಗಳಿಗೆ ತಳ್ಳುತ್ತಿದ್ದ ಬ್ರಿಟಿಷ್ ವ್ಯವಸ್ಥೆಯನ್ನು ಬಯಲಿಗೆಳೆದ ಬರ್ನಾರ್ಡ್ ಕೋರ್ಡ್ ಅವರ ಕಿರುಪುಸ್ತಕ 1971ರಲ್ಲಿ ಇಲ್ಲಿಂದಲೇ ಹೊರಬಂತು. ಕೆನ್ಯಾದಲ್ಲಿನ ದಮನವನ್ನು ಕುರಿತ, ಅಲ್ಲಿನ ಲೇಖಕ ಗೂಗಿ ವಾ ಥಿಯಾಂಗೊ ಅವರ ‘ಬ್ಯಾರೆಲ್ ಆಫ್ ಎ ಪೆನ್’ 1983ರಲ್ಲಿ ಪ್ರಕಟವಾದಾಗ, ಸ್ವತಃ ಲಾ ರೋಸ್ ಅಲ್ಲಿನ ರಾಜಕೀಯ ಕೈದಿಗಳ ಬಿಡುಗಡೆಗಾಗಿ ಲಂಡನ್ನಿನಲ್ಲಿ ದುಡಿಯುತ್ತಿದ್ದರು. ಇತರ ಪ್ರಕಾಶಕರೊಡನೆ ಸೇರಿ 1982ರಿಂದ 1995ರವರೆಗೆ ನಡೆಸಿದ ಅಂತಾರಾಷ್ಟ್ರೀಯ ಪುಸ್ತಕ ಮೇಳವೂ ಈ ದುಡಿಮೆಯ ಮುಂದುವರಿಕೆಯೇ.

ಕೊರತೆಗಳನ್ನೂ ಹೇಳಬೇಕು. ಆಫ್ರಿಕಾ ಖಂಡವನ್ನೇ ಮುಖ್ಯವಾಗಿ ಓದಬಯಸುವವರಿಗೆ ಸ್ವಂತ ಪ್ರಕಟಣೆಗಳ ಪಟ್ಟಿ ಕೆರಿಬಿಯನ್ ಕಡೆಗೇ ಹೆಚ್ಚು ವಾಲಿದಂತೆ ಕಂಡೀತು. ಎಪ್ಪತ್ತು, ಎಂಬತ್ತರ ದಶಕಗಳಲ್ಲಿದ್ದ ಪ್ರಕಟಣೆಯ ವೇಗವೂ ಈಗಿಲ್ಲ. ಆನ್‌ಲೈನ್ ದೈತ್ಯರ ರಿಯಾಯಿತಿಯನ್ನು ಇಷ್ಟು ಚಿಕ್ಕ ಅಂಗಡಿಯಿಂದ ನಿರೀಕ್ಷಿಸುವಂತೆಯೂ ಇಲ್ಲ. 2021ರ ಕೊನೆಯಲ್ಲಿ ಮಳಿಗೆಯ ಬಾಗಿಲು ಮುಚ್ಚುವ ಮಾತು ಬಂದಾಗ ಅದನ್ನು ಉಳಿಸಿದ್ದು ಓದುಗರ ದೇಣಿಗೆ.

ಇದೇ ಕಟ್ಟಡದ ಮೇಲಂತಸ್ತುಗಳಲ್ಲಿ, ಟ್ರಿನಿಡಾಡ್ ಮೂಲದ ಹೋರಾಟಗಾರ ಜಾರ್ಜ್ ಪ್ಯಾಡ್‌ಮೋರ್ ಹೆಸರಿನಲ್ಲಿ 1991ರಲ್ಲಿ ಸ್ಥಾಪನೆಯಾದ ಸಂಸ್ಥೆಯ ದಾಖಲೆ ಸಂಗ್ರಹವಿದೆ. ಸಂಶೋಧಕರು ಮೊದಲೇ ಸಮಯ ಗೊತ್ತುಮಾಡಿಕೊಂಡು ಹೋಗುವುದು ಒಳ್ಳೆಯದು. ಹಾಗೆಯೇ ಹಳೆಯ ಪ್ರಕಟಣೆಗಳಿಗಾಗಿಯೇ ಬರುವವರು ಆ ಪ್ರತಿ ಅಂಗಡಿಯಲ್ಲಿದೆಯೇ ಎಂದು ವಿಚಾರಿಸಿಕೊಂಡೇ ಹೊರಡಬೇಕು.