‘ಕಾಲ್ ದ ಮಿಡ್‌ವೈಫ್’ ಈಗ ನೋಡಲಾರಂಭಿಸಬಹುದೇ? ಹಳೆಯ ವೀಕ್ಷಕರೊಬ್ಬರ ವಿಮರ್ಶೆ

ಬಿಬಿಸಿ ಒನ್ ವಾಹಿನಿಯಲ್ಲಿ 2012ರ ಜನವರಿಯಲ್ಲಿ ಆರಂಭವಾದ ‘ಕಾಲ್ ದ ಮಿಡ್‌ವೈಫ್’ ಧಾರಾವಾಹಿ ಈಗಾಗಲೇ ಹದಿನಾಲ್ಕು ಸೀಸನ್‌ಗಳನ್ನು ದಾಟಿದೆ. ವರ್ಷಕ್ಕೊಮ್ಮೆ ಬರುವ ಕ್ರಿಸ್‌ಮಸ್ ವಿಶೇಷ ಸಂಚಿಕೆಗಳನ್ನೂ ಸೇರಿಸಿಕೊಂಡರೆ ಒಟ್ಟು ಸಂಚಿಕೆಗಳು 120ನ್ನು ಮೀರುತ್ತವೆ, ಒಂದೊಂದೂ ಹೆಚ್ಚುಕಡಿಮೆ ಒಂದು ಗಂಟೆಯದು. ಈ ಲೆಕ್ಕ ಕೇಳಿದ ಕೂಡಲೇ ‘ಅಷ್ಟೆಲ್ಲ ಪುರುಸೊತ್ತು ಯಾರಿಗಿದೆ’ ಎಂದು ಕೈಬಿಡುವವರನ್ನು ಬಹಳ ನೋಡಿದ್ದೇನೆ. ಹಲವು ವರ್ಷಗಳಿಂದ ಇದನ್ನು ನೋಡುತ್ತ ಬಂದಿರುವ ನನ್ನ ಅಭಿಪ್ರಾಯವೇನೆಂದರೆ, ಅದರ ಉದ್ದಕ್ಕೆ ಹೆದರಬೇಕಾದ ಕಾರಣವಿಲ್ಲ. ಯೋಚಿಸಬೇಕಾದ ಸಂಗತಿಗಳು ಬೇರೆ ಇವೆ.

ಕಥೆ ನಡೆಯುವುದು ಲಂಡನ್ನಿನ ಪೂರ್ವ ಭಾಗದ ಪಾಪ್ಲರ್ ಎಂಬ ಬಂದರು ಕಾರ್ಮಿಕರ ಬಡಾವಣೆಯಲ್ಲಿ. 1957ರಲ್ಲಿ ಜೆನ್ನಿ ಲೀ ಎಂಬ ತರುಣ ನರ್ಸ್ ಯಾವುದೋ ಖಾಸಗಿ ಆಸ್ಪತ್ರೆಗೆ ಬಂದಿದ್ದೇನೆಂದು ತಿಳಿದು ‘ನೊನಾಟಸ್ ಹೌಸ್’ ಎಂಬ ಕಟ್ಟಡದ ಬಾಗಿಲು ತಟ್ಟುತ್ತಾಳೆ. ಒಳಗೆ ಹೋದ ಮೇಲೆ ಅದು ಆಂಗ್ಲಿಕನ್ ಸನ್ಯಾಸಿನಿಯರ ಮಠವೆಂದೂ, ಅಲ್ಲಿಯ ಸಿಸ್ಟರ್‌ಗಳೂ ನರ್ಸ್‌ಗಳೂ ಒಟ್ಟಾಗಿ ಸುತ್ತಲಿನ ಬೀದಿಗಳಿಗೆ ಸೈಕಲ್ಲಿನಲ್ಲಿ ಹೋಗಿ ಮನೆಮನೆಯಲ್ಲಿ ಹೆರಿಗೆ ಮಾಡಿಸುತ್ತಾರೆಂದೂ ಗೊತ್ತಾಗುತ್ತದೆ. ಇದು ಪೂರ್ತಿ ಕಲ್ಪನೆಯಲ್ಲ. ಈ ಕೆಲಸವನ್ನು ಸ್ವತಃ ಮಾಡಿದ್ದ ಜೆನ್ನಿಫರ್ ವರ್ತ್ ಅವರ ನೆನಪುಗಳ ಪುಸ್ತಕಗಳೇ ಇದಕ್ಕೆ ಮೂಲ. ವೈದ್ಯಲೋಕದ ಕಥೆಗಳಲ್ಲಿ ಸೂಲಗಿತ್ತಿಯರಿಗೆ ಜಾಗವೇ ಇಲ್ಲವೆಂದು ಟೆರಿ ಕೋಟ್ಸ್ ಎಂಬ ಮಿಡ್‌ವೈಫ್ ವೃತ್ತಿಪತ್ರಿಕೆಯೊಂದರಲ್ಲಿ ಬರೆದ ಲೇಖನವೇ ವರ್ತ್ ಅವರಿಗೆ ಬರೆಯಲು ಪ್ರೇರಣೆಯಾಯಿತು. ಮುಂದೆ ಅದೇ ಟೆರಿ ಕೋಟ್ಸ್ ಧಾರಾವಾಹಿಗೆ ಹೆರಿಗೆ ದೃಶ್ಯಗಳ ಸಲಹೆಗಾರ್ತಿಯಾದರು. ವರ್ತ್ ಮಾತ್ರ ಮೊದಲ ಸಂಚಿಕೆ ಪ್ರಸಾರವಾಗುವ ಮುನ್ನವೇ, 2011ರಲ್ಲಿ, ತೀರಿಕೊಂಡರು.

ಉದ್ದಕ್ಕೆ ಹೆದರಬೇಕಿಲ್ಲ ಎಂದದ್ದು ಧಾರಾವಾಹಿಯ ಹೆಣಿಗೆಯ ಕಾರಣಕ್ಕೆ. ಸುಮಾರಾಗಿ ಒಂದು ಸೀಸನ್‌ಗೆ ಕಥೆಯೊಳಗಿನ ಒಂದು ವರ್ಷ. ಒಂದು ಸಂಚಿಕೆಯಲ್ಲಿ ಎರಡು ಮೂರು ಕುಟುಂಬಗಳ ಪ್ರಸಂಗಗಳು ಶುರುವಾಗಿ ಬಹುಮಟ್ಟಿಗೆ ಅಲ್ಲೇ ಮುಗಿಯುತ್ತವೆ. ಮುಂದಕ್ಕೆ ಹರಿಯುವುದು ನೊನಾಟಸ್ ಹೌಸಿನವರ ಸ್ವಂತ ಬದುಕು ಮಾತ್ರ. ಒಂದು ಕಪಾಳಮೋಕ್ಷವನ್ನು ಮೂರು ಕೋನಗಳಿಂದ ತೋರಿಸಿ ಸೋಮವಾರದವರೆಗೆ ಕಾಯಿಸುವ ನಮ್ಮ ಸಂಜೆಯ ಧಾರಾವಾಹಿಗಳ ಅಭ್ಯಾಸವಿರುವವರಿಗೆ ಈ ಲೋಕವೇ ಬೇರೆ ಅನಿಸೀತು. ವಾರಕ್ಕೊಂದು ನೋಡಿದರೂ ನಡೆಯುತ್ತದೆ, ನಡುವೆ ಮೂರು ತಿಂಗಳು ಬಿಟ್ಟು ಮರಳಿದರೂ ಎಳೆ ತಪ್ಪುವುದಿಲ್ಲ. ನನ್ನನ್ನು ಕೇಳಿದರೆ ಒಂದೇ ರಾತ್ರಿ ನಾಲ್ಕು ಸಂಚಿಕೆ ನೋಡುವುದು ಇದಕ್ಕೆ ಹೊಂದುವುದೇ ಇಲ್ಲ. ಒಂದರ ಹಿಂದೊಂದು ನೋಡಿದಾಗ ಅದೇ ನೋವು, ಅದೇ ಬಿಸಿನೀರು, ಅದೇ ಮೊದಲ ಅಳು ಎಂದು ಬೇಸರ ಬರುವ ಸಾಧ್ಯತೆ ಇದೆ.

ಮೊದಲ ಸೀಸನ್‌ನಲ್ಲಿ ಆರೇ ಸಂಚಿಕೆಗಳಿರುವುದರಿಂದ ನಿರ್ಧಾರವನ್ನು ಅಷ್ಟರಲ್ಲೇ ಮಾಡಬಹುದು. ಆರಂಭದ ಸಂಚಿಕೆಯಲ್ಲೇ ಕೊಂಚಿತಾ ಎಂಬ ಸ್ಪೇನಿನ ಹೆಂಗಸು ತನ್ನ 25ನೆಯ ಮಗುವನ್ನು ದಿನ ತುಂಬುವ ಮೊದಲೇ ಹೆರುತ್ತಾಳೆ. ಅವಳಿಗೆ ಇಂಗ್ಲಿಷ್ ಬಾರದು, ಗಂಡನಿಗೆ ಸ್ಪ್ಯಾನಿಷ್ ಬಾರದು, ಆದರೂ ಸಂಸಾರ ಸುಖವಾಗಿದೆ. ಅಂಗೈಯಗಲದ ಆ ಕೂಸನ್ನು ಆಸ್ಪತ್ರೆಗೆ ಒಯ್ಯಬೇಕೆಂದು ಎಲ್ಲರೂ ಹೇಳುತ್ತಿದ್ದರೂ ಅವಳು ಒಪ್ಪದೆ, ಅದನ್ನು ಎದೆಗೊತ್ತಿಕೊಂಡು ಮೈಯ ಕಾವಿನಲ್ಲೇ ಉಳಿಸಿಕೊಳ್ಳುತ್ತಾಳೆ. ಅದೇ ಸೀಸನ್‌ನಲ್ಲಿ ಶ್ರೀಮತಿ ಜೆಂಕಿನ್ಸ್ ಎಂಬ ಮುದುಕಿಯ ಕಥೆಯೂ ಬರುತ್ತದೆ. ಬೀದಿಯಲ್ಲಿ ಎಲ್ಲಿ ಹೆರಿಗೆಯಾದರೂ ಬಂದು ನಿಂತು ‘ಮಗು ಹೇಗಿದೆ’ ಎಂದು ಕೇಳುವ, ಹತ್ತಿರ ಬಂದರೆ ನಾತ ಹೊಡೆಯುವ ಈಕೆಯನ್ನು ಜನ ಅಟ್ಟುತ್ತಾರೆ. ಜೆನ್ನಿ ಮತ್ತು ಸಿಸ್ಟರ್ ಇವಾಂಜೆಲಿನಾ ಅವಳನ್ನು ಸ್ನಾನ ಮಾಡಿಸಿ ಶುಚಿಗೊಳಿಸುವ ದೃಶ್ಯವನ್ನು ನಿಧಾನವಾಗಿ, ಮುಖ ತಿರುಗಿಸದಂತೆ ಚಿತ್ರಿಸಲಾಗಿದೆ. ಅವಳ ಮಕ್ಕಳೆಲ್ಲ ವರ್ಕ್‌ಹೌಸ್ ಎಂಬ ಬಡವರ ದುಡಿಮೆಮನೆಯಲ್ಲಿ ಸತ್ತವರು ಎಂಬುದು ಆಮೇಲೆ ತಿಳಿಯುತ್ತದೆ. ಈ ಎರಡು ಪ್ರಸಂಗಗಳು ನಿಮ್ಮನ್ನು ತಟ್ಟದಿದ್ದರೆ ಮುಂದಿನ ನೂರು ಗಂಟೆಗಳೂ ತಟ್ಟಲಾರವು. ಸಂಕೋಚವಿಲ್ಲದೆ ಅಲ್ಲಿಗೇ ನಿಲ್ಲಿಸಬಹುದು.

ಹೆರಿಗೆಯ ದೃಶ್ಯಗಳ ಬಗ್ಗೆ ಮೊದಲೇ ಹೇಳಿಬಿಡುವುದು ಒಳ್ಳೆಯದು. ಅವು ಪ್ರತಿ ಸಂಚಿಕೆಯಲ್ಲೂ ಇವೆ, ಚಿಕ್ಕದಾಗಿಯೂ ಇಲ್ಲ. ಅಸಲಿ ನವಜಾತ ಶಿಶುಗಳನ್ನೇ ಚಿತ್ರೀಕರಣಕ್ಕೆ ಬಳಸುವುದರಿಂದಲೂ, ಎನಾಮೆಲ್ ಬೋಗುಣಿ, ಹೊಟ್ಟೆಗೆ ಒತ್ತಿ ಮಗುವಿನ ಎದೆಬಡಿತ ಕೇಳುವ ತುತ್ತೂರಿಯಂಥ ಪಿನಾರ್ಡ್ ಕೊಳವೆ, ನೋವು ಕಡಿಮೆ ಮಾಡಲು ಉಸಿರೆಳೆದುಕೊಳ್ಳುವ ಗ್ಯಾಸಿನ ಪೆಟ್ಟಿಗೆ ಮೊದಲಾದವುಗಳನ್ನು ಬಳಸುವ ಕೈಗಳಲ್ಲಿ ತಡವರಿಕೆ ಕಾಣದಿರುವುದರಿಂದಲೂ ಈ ದೃಶ್ಯಗಳಿಗೆ ನಂಬಿಕೆ ಬಂದಿದೆ. ಇಂಗ್ಲಿಷ್ ಅಷ್ಟಾಗಿ ತಿಳಿಯದ ನಮ್ಮ ಅತ್ತೆಯವರು ಕೂಡ ಈ ಭಾಗಗಳನ್ನು ಕುಳಿತು ನೋಡುತ್ತಾರೆ. ಅವರ ಒಂದೇ ಆಕ್ಷೇಪವೆಂದರೆ ಹಸಿ ಬಾಣಂತಿಯ ಕಿವಿಗೆ ಹತ್ತಿಯಿಲ್ಲ, ತಲೆಗೆ ಬಟ್ಟೆಯಿಲ್ಲ, ಅಷ್ಟು ಚಳಿಯ ಊರಿನಲ್ಲಿ ಯಾರೂ ಅವಳನ್ನು ಬೆಚ್ಚಗಿಡುತ್ತಿಲ್ಲ ಎಂಬುದು. ಆದರೆ ಎಲ್ಲರಿಗೂ ಇದು ಸರಿಹೋಗುವುದಿಲ್ಲ. ಬಸುರಿಯರಿಗೆ, ಇತ್ತೀಚೆಗೆ ಮಗುವನ್ನು ಕಳೆದುಕೊಂಡವರಿಗೆ ಇದನ್ನು ನೋಡಿ ಎಂದು ನಾನು ಖಂಡಿತ ಹೇಳಲಾರೆ. ಸತ್ತು ಹುಟ್ಟಿದ ಮಗು, ಗರ್ಭಿಣಿಯ ನಂಜು, ತಾಯಿಯ ಸಾವು ಇವೆಲ್ಲವೂ ಮುನ್ಸೂಚನೆಯಿಲ್ಲದೆ ಬರುತ್ತವೆ.

ಈ ಧಾರಾವಾಹಿಯನ್ನು ನಾನು ಬಿಡದೆ ನೋಡಿದ್ದಕ್ಕೆ ಐದನೆಯ ಸೀಸನ್ ಮುಖ್ಯ ಕಾರಣ. ಕಥೆ 1961ಕ್ಕೆ ಬಂದಿರುತ್ತದೆ. ಬಸಿರಿನ ವಾಕರಿಕೆಗೆಂದು ಡಾಕ್ಟರ್ ಟರ್ನರ್ ‘ಡಿಸ್ಟಾವಲ್’ ಎಂಬ ಮಾತ್ರೆಯನ್ನು ಬರೆದುಕೊಡುತ್ತಾರೆ. ಅದು ಬೇರೇನಲ್ಲ, ಹೊಟ್ಟೆಯಲ್ಲಿರುವ ಮಗುವಿನ ಕೈಕಾಲು ಬೆಳೆಯದಂತೆ ಮಾಡುವ ಥಾಲಿಡೊಮೈಡ್. ನೋಡುವವರಿಗೆ ವಿಷಯ ಗೊತ್ತಿದೆ, ತೆರೆಯ ಮೇಲಿರುವ ಯಾರಿಗೂ ಗೊತ್ತಿಲ್ಲ. ರೋಡಾ ಮುಲ್ಲಕ್ಸ್ ಎಂಬ ತಾಯಿಗೆ ಕೈಕಾಲು ಪೂರ್ತಿ ಬೆಳೆಯದ ಮಗು ಹುಟ್ಟಿದಾಗ ಏನು ಹೇಳಬೇಕೆಂದು ತಿಳಿಯದೆ ಕೋಣೆಯಲ್ಲಿದ್ದವರೆಲ್ಲ ಮೌನವಾಗುತ್ತಾರೆ. ಆಮೇಲೂ ಡಾಕ್ಟರು ಅದೇ ಮಾತ್ರೆಯನ್ನು ಬೇರೆ ಬಸುರಿಯರಿಗೆ, ಒಳ್ಳೆಯ ಮನಸ್ಸಿನಿಂದಲೇ, ಬರೆಯುತ್ತ ಹೋಗುತ್ತಾರೆ. ಇಂಥದೇ ಇನ್ನೊಂದು ಶಿಶುವನ್ನು ಆಸ್ಪತ್ರೆಯಲ್ಲಿ ತೆರೆದ ಕಿಟಕಿಯ ಬಳಿ ಇಟ್ಟು ಬಿಟ್ಟಿರುವುದನ್ನು ಸಿಸ್ಟರ್ ಜೂಲಿಯೆನ್ ಕಾಣುವ ದೃಶ್ಯವನ್ನು ನಾನು ಎರಡನೆಯ ಸಲ ನೋಡಲು ಹೋಗಿಲ್ಲ. ಬ್ರಿಟನ್ನಿನಲ್ಲಿ ಆ ಔಷಧವನ್ನು 1961ರ ಕೊನೆಯಲ್ಲಿ ಹಿಂತೆಗೆದುಕೊಂಡದ್ದು ಚರಿತ್ರೆ; ಆ ಸುದ್ದಿ ಬಂದ ಮೇಲೆ ತಾನು ಯಾರು ಯಾರಿಗೆ ಬರೆದುಕೊಟ್ಟೆ ಎಂದು ಡಾಕ್ಟರು ಕಡತಗಳನ್ನು ಹುಡುಕುವುದು ಕಥೆ. ಖಳನನ್ನು ತಂದು ನಿಲ್ಲಿಸದೆ ಒಂದು ಅನಾಹುತವನ್ನು ಇಷ್ಟು ಪ್ರಾಮಾಣಿಕವಾಗಿ ತೋರಿಸಿದ ಟಿ.ವಿ. ನಾಟಕಗಳು ಕಡಿಮೆ. ಮುಲ್ಲಕ್ಸ್ ಕುಟುಂಬವನ್ನು ಅಲ್ಲಿಗೇ ಮರೆಯದೆ, ಆ ಹುಡುಗಿ ಬೆಳೆಯುವುದನ್ನು ಮುಂದಿನ ಸೀಸನ್‌ಗಳಲ್ಲೂ ತೋರಿಸಿರುವುದು ಇಂಥ ದೀರ್ಘ ಧಾರಾವಾಹಿಗೆ ಮಾತ್ರ ಸಾಧ್ಯವಾಗುವ ಕೆಲಸ.

ಉದ್ದದಿಂದ ಸಿಗುವ ಇನ್ನೊಂದು ಲಾಭವನ್ನು ನಾನು ಗಮನಿಸಿದ್ದು ತಡವಾಗಿ. ಆರಂಭದಲ್ಲಿ ಎಲ್ಲರೂ ಹೆರುವುದು ಮನೆಯ ಮಂಚದ ಮೇಲೆ. ಸರ್ಕಾರಿ ಸಮಿತಿಯೊಂದರ 1959ರ ಕ್ರ್ಯಾನ್‌ಬ್ರೂಕ್ ವರದಿ ನೂರಕ್ಕೆ ಎಪ್ಪತ್ತು ಹೆರಿಗೆಗಳಿಗೆ ಆಸ್ಪತ್ರೆಯಲ್ಲಿ ವ್ಯವಸ್ಥೆಯಿರಬೇಕೆಂದಿತು. 1970ರ ಪೀಲ್ ವರದಿ ಎಲ್ಲ ಹೆರಿಗೆಗಳಿಗೂ ಅದೇ ಆಗಲಿ ಎಂದಿತು. ಅಂದರೆ, ನಾವು ಯಾರನ್ನು ಮೆಚ್ಚಿಕೊಂಡು ನೋಡುತ್ತಿದ್ದೇವೆಯೋ ಅವರ ಕಸುಬೇ ಕಣ್ಣೆದುರು ಕರಗುತ್ತಿದೆ, ಅದೂ ಯಾರ ದುರುದ್ದೇಶವೂ ಇಲ್ಲದೆ. ಜೊತೆಗೆ ಬಂದರಿನ ಕೆಲಸವೂ ಇಳಿಯುತ್ತದೆ. ಈಸ್ಟ್ ಇಂಡಿಯಾ ಡಾಕ್ ಮುಚ್ಚಿದ್ದು 1967ರಲ್ಲಿ. ಹಳೆಯ ಮನೆಗಳು ಉರುಳಿ ಬಹುಮಹಡಿ ಕಟ್ಟಡಗಳು ಏಳುತ್ತವೆ, ಸಂತಾನ ನಿಯಂತ್ರಣದ ಗುಳಿಗೆ ಬರುತ್ತದೆ. ಗರ್ಭಪಾತ ಕಾನೂನುಬಾಹಿರವಾಗಿದ್ದ ಕಾಲದಲ್ಲಿ ಹೆಂಗಸರು ಕದ್ದು ಮಾಡಿಸಿಕೊಂಡು ಪಡುತ್ತಿದ್ದ ಪಾಡು ಎಂಟನೆಯ ಸೀಸನ್ನಿನುದ್ದಕ್ಕೂ ಇದೆ. 1948ರಲ್ಲಿ ಶುರುವಾದ ಬ್ರಿಟನ್ನಿನ ಉಚಿತ ರಾಷ್ಟ್ರೀಯ ಆರೋಗ್ಯ ಸೇವೆಯ ಮೇಲೆ ಧಾರಾವಾಹಿಗೆ ಬಹಳ ಅಭಿಮಾನ. ಹೆರಿಗೆಯೆಂದರೆ ಮುಂಗಡ ಠೇವಣಿ, ಪ್ಯಾಕೇಜು, ಡಿಸ್ಚಾರ್ಜ್ ಬಿಲ್ಲು ಎಂದು ತಿಳಿದಿರುವ ನಾವು ಯಾರೂ ಹಣ ಕೇಳದ ಈ ಮನೆಗಳನ್ನು ನೋಡಿ ಸ್ವಲ್ಪ ಹೊಟ್ಟೆ ಉರಿಸಿಕೊಳ್ಳುವುದು ಸಹಜ.

ಕೊರತೆಗಳೂ ಕಡಿಮೆಯಿಲ್ಲ. ಪ್ರತಿ ಸಂಚಿಕೆಯ ಮೊದಲಿಗೂ ಕೊನೆಗೂ ವಯಸ್ಸಾದ ಜೆನ್ನಿಯ ಧ್ವನಿಯಲ್ಲಿ ವನೆಸ್ಸಾ ರೆಡ್‌ಗ್ರೇವ್ ಅವರ ನಿರೂಪಣೆ ಇದೆ. ಧ್ವನಿ ಮಧುರವಾಗಿದೆ, ಮಾತುಗಳು ಮಾತ್ರ ಹೆಚ್ಚುಹೆಚ್ಚು ಪ್ರವಚನವಾಗುತ್ತ ಹೋಗುತ್ತವೆ. ಮೂರನೆಯ ಸೀಸನ್ನಿನ ಕೊನೆಗೆ ಜೆನ್ನಿ ಪಾಪ್ಲರ್ ಬಿಟ್ಟು ಹೋದರೂ, ತಾನು ಕಾಣದ ಸಂಗತಿಗಳನ್ನು ಆಕೆ ಇನ್ನೂ ಹೇಳುತ್ತಲೇ ಇದ್ದಾಳೆ! ಪಾತ್ರಧಾರಿಗಳು ಬದಲಾಗುತ್ತಿರುವುದು ಕೆಲವರಿಗೆ ಬೇಸರ ತರಿಸುತ್ತದೆ. ಮಿರಾಂಡಾ ಹಾರ್ಟ್ ನಟಿಸಿದ ಚಮ್ಮಿ ಎಂಬ ನರ್ಸ್‌ನ ಜಾಗವನ್ನು ಆಮೇಲೆ ಬಂದ ಯಾರೂ ತುಂಬಲಿಲ್ಲ. ವರ್ತ್ ಅವರ ಪುಸ್ತಕಗಳ ಸರಕು ಮುಗಿದ ಮೇಲೆ ಎಲ್ಲವನ್ನೂ ಧಾರಾವಾಹಿಯನ್ನು ರೂಪಿಸಿದ ಲೇಖಕಿ ಹೈಡಿ ಥಾಮಸ್ ಅವರ ಬರವಣಿಗೆಯೇ ಹೊತ್ತಿದೆ. ಏಳನೆಯ ಸೀಸನ್‌ವರೆಗೆ ಅದು ಗಟ್ಟಿಯಾಗಿಯೇ ಇದೆ. ಒಂಬತ್ತರ ನಂತರ ವಾರಕ್ಕೊಂದು ರೋಗ, ಕೊನೆಯ ಹತ್ತು ನಿಮಿಷದಲ್ಲಿ ಸಮಾಧಾನ ಎಂಬ ಹದ ಬಂದುಬಿಡುತ್ತದೆ. ಬೈಯುವ ಗಂಡ, ಮೂಗು ಮುರಿಯುವ ಅತ್ತೆ, ಯಾರೇ ಆಗಲಿ ಅಷ್ಟರೊಳಗೆ ಮೆತ್ತಗಾಗಲೇಬೇಕು. ಜಮೈಕಾದಿಂದ ಬಂದ ನರ್ಸ್ ಲೂಸಿಲ್ ಆ್ಯಂಡರ್ಸನ್ ಎದುರಿಸುವ ವರ್ಣಭೇದದ ಪ್ರಸಂಗಗಳು ಇದಕ್ಕೆ ಒಂದು ಮಟ್ಟಿಗೆ ಅಪವಾದ. 1968ರಲ್ಲಿ ರಾಜಕಾರಣಿ ಇನಾಕ್ ಪವೆಲ್ ವಲಸಿಗರ ವಿರುದ್ಧ ಮಾಡಿದ ಭಾಷಣದ ಬಿಸಿ ತಟ್ಟುವ ಹನ್ನೆರಡನೆಯ ಸೀಸನ್ನಿನ ಆರಂಭವು ಅಷ್ಟು ಸುಲಭವಾಗಿ ಸಮಾಧಾನ ಹೇಳುವುದಿಲ್ಲ.

ಆದ್ದರಿಂದ ನಾನು ಹೇಳುವುದು: ಮೊದಲ ಸೀಸನ್ನಿನಿಂದಲೇ ಆರಂಭಿಸಿ, ಏಳರವರೆಗೆ ನೋಡಿ, ಮುಂದಿನದನ್ನು ಮನಸ್ಸು ಬಂದಂತೆ ಆರಿಸಿಕೊಳ್ಳಿ. ನಡುವಿನ ಯಾವುದೋ ಸಂಚಿಕೆಯಿಂದ ರುಚಿ ನೋಡಲು ಹೋಗಬೇಡಿ. ಕಥೆ ಅರ್ಥವಾಗುತ್ತದೆ, ಆದರೆ ಮುದಿ ಸಿಸ್ಟರ್ ಮೋನಿಕಾ ಜೋನ್ ಕೇಕು ಕದಿಯುವುದು ನಿಮಗೆ ಬರೀ ಹಾಸ್ಯವಾಗಿ ಕಂಡೀತು. ಪೂರ್ವ ಲಂಡನ್ನಿನ ಕಾಕ್ನಿ ಉಚ್ಚಾರಣೆ ಇಂಗ್ಲಿಷ್ ಚೆನ್ನಾಗಿ ಬಲ್ಲವರಿಗೂ ತೊಡಕಾಗುವುದರಿಂದ ಸಬ್‌ಟೈಟಲ್ ಹಾಕಿಕೊಳ್ಳುವುದು ಒಳಿತು. ಯಾವ ಒಟಿಟಿಯಲ್ಲಿ ಎಷ್ಟು ಸೀಸನ್‌ಗಳು ಸಿಗುತ್ತವೆ ಎಂಬುದು ದೇಶದಿಂದ ದೇಶಕ್ಕೆ ಬೇರೆಯಾಗುತ್ತದೆ, ಆಗಾಗ ಬದಲಾಗುತ್ತದೆ. ಇದೊಂದಕ್ಕಾಗಿಯೇ ವರ್ಷದ ಚಂದಾ ಕಟ್ಟುವ ಮುನ್ನ ಮೊದಲ ಸೀಸನ್ ಇದೆಯೇ ಎಂದು ನೋಡಿಕೊಳ್ಳಬೇಕು. ಕ್ರಿಸ್‌ಮಸ್ ವಿಶೇಷಗಳನ್ನು ಕೆಲವು ಕಡೆ ಬೇರೆಯಾಗಿ ಕೊನೆಯಲ್ಲಿ ಜೋಡಿಸಿರುತ್ತಾರೆ. ಅವನ್ನು ಹಬ್ಬದ ಹೆಚ್ಚುವರಿ ಸಂಚಿಕೆಗಳೆಂದು ಬಿಟ್ಟುಬಿಡದೆ, ಪ್ರತಿಯೊಂದನ್ನೂ ಅದರ ಮುಂದಿನ ಸೀಸನ್ನಿಗಿಂತ ಮೊದಲು ನೋಡಬೇಕು. ಯುದ್ಧಕಾಲದ ಸಿಡಿಯದ ಬಾಂಬೊಂದು ಪತ್ತೆಯಾಗಿ ಹಳೆಯ ನೊನಾಟಸ್ ಹೌಸಿಗೆ ಕುತ್ತು ಬರುವುದು 2013ರ ಕ್ರಿಸ್‌ಮಸ್ ಸಂಚಿಕೆಯಲ್ಲಿ. ಅದನ್ನು ಬಿಟ್ಟು ಮೂರನೆಯ ಸೀಸನ್ನಿಗೆ ಹೋದರೆ ಇವರೆಲ್ಲ ಬೇರೆ ಮನೆಯಲ್ಲಿ ಏಕಿದ್ದಾರೆ ಎಂಬುದೇ ತಿಳಿಯುವುದಿಲ್ಲ.