ಮೂರು ವರ್ಷ ಇಂಡಕ್ಷನ್ ಒಲೆ ಬಳಸಿದ ಮೇಲೆ: ಮೊದಲು ಪಾತ್ರೆ ನೋಡಿ, ಆಮೇಲೆ ಒಲೆ

ಸಿಲಿಂಡರ್ ಬುಕ್ ಮಾಡಿ ಕಾಯುತ್ತಿದ್ದ ಒಂದು ವಾರದಲ್ಲಿ, 2023ರ ಫೆಬ್ರವರಿಯಲ್ಲಿ, ಅವಸರಕ್ಕೆ ಕೊಂಡದ್ದು. 2000 ವ್ಯಾಟಿನ ಇಂಡಕ್ಷನ್ ಒಲೆ. ಒಂದು ಸಲಕ್ಕೆ ಒಂದೇ ಪಾತ್ರೆ. ಕಂಪನಿ ಯಾವುದು ಅಂತ ಹೇಳಲ್ಲ. ಈ ಬೆಲೆಗೆ ಸಿಗುವ ಎಲ್ಲವೂ ಹೆಚ್ಚು ಕಡಿಮೆ ಒಂದೇ ಥರ ಇವೆ. ನಾವು ತುಮಕೂರಿನಲ್ಲಿ ಹಳೇ ಬಾಡಿಗೆ ಮನೆಯಲ್ಲಿದ್ದೇವೆ. ನಾಲ್ಕು ಜನ. ದಿನಾ ಬೆಳಿಗ್ಗೆ ಹಾಲು, ಕಾಫಿ, ಅನ್ನ, ಸಾರು ಇದರಲ್ಲೇ.

ಮೊದಲ ದಿನ ಪೆಟ್ಟಿಗೆ ಬಿಚ್ಚಿ ಸಾರಿನ ಪಾತ್ರೆ ಇಟ್ಟೆ. ಕುಂಯ್ ಕುಂಯ್ ಅಂತ ಕೂಗಿ ನಿಂತುಹೋಯಿತು. ಇನ್ನೊಂದು ಪಾತ್ರೆ ಇಟ್ಟೆ. ಅದಕ್ಕೂ ಕುಂಯ್. ಅತ್ತೆ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. "ಏನಮ್ಮ, ದುಡ್ಡು ಕೊಟ್ಟು ಕೂಗೋ ಡಬ್ಬ ತಂದಿದೀಯಾ?" ಅಂದರು.

ತಪ್ಪು ಒಲೆಯದಲ್ಲ. ಈ ಒಲೆ ತಾನು ಕಾಯುವುದಿಲ್ಲ. ಗಾಜಿನ ಕೆಳಗೆ ತಾಮ್ರದ ಸುರುಳಿ ಇರುತ್ತದೆ. ಅದು ಎಬ್ಬಿಸುವ ಕಾಂತಕ್ಷೇತ್ರ ಪಾತ್ರೆಯ ತಳದಲ್ಲೇ ವಿದ್ಯುತ್ ಹರಿಸಿ, ತಳವನ್ನೇ ಕಾಯಿಸುತ್ತದೆ. ಅದಕ್ಕೆ ಅಯಸ್ಕಾಂತ ಹಿಡಿಯುವ ತಳ ಬೇಕು. ಅಲ್ಯೂಮಿನಿಯಂ, ಇಂಡಾಲಿಯಂ, ತಾಮ್ರ, ಹಿತ್ತಾಳೆ, ಮಣ್ಣಿನ ಮಡಕೆ ಯಾವುದೂ ಆಗದು. ಫ್ರಿಜ್ಜಿನ ಬಾಗಿಲಿನ ಮೇಲಿದ್ದ ಅಯಸ್ಕಾಂತದ ಗೊಂಬೆ ಕಿತ್ತುಕೊಂಡು ಒಂದೊಂದೇ ಪಾತ್ರೆ ಬೋರಲು ಹಾಕಿ ನೋಡಿದೆ. ಹದಿನೈದರಲ್ಲಿ ನಾಲ್ಕಕ್ಕೆ ಮಾತ್ರ ಅಂಟಿತು.

ಬೇಜಾರಾಗಿದ್ದು ತವರಿನಿಂದ ತಂದ ಸ್ಟೀಲ್ ತಪ್ಪಲೆ ನೋಡಿ. ದಪ್ಪಗೆ, ಫಳಫಳ ಅಂತಿದೆ. ಅಯಸ್ಕಾಂತ ಜಾರಿ ಬಿತ್ತು. ನಿಕ್ಕಲ್ ಬೆರೆಸಿದ ಒಳ್ಳೆ ಸ್ಟೀಲಿಗೆ, ಅಂದರೆ ಅಂಗಡಿಯವರು 18/8 ಅಥವಾ 304 ಅನ್ನುವುದಕ್ಕೆ, ಸಾಮಾನ್ಯವಾಗಿ ಅಯಸ್ಕಾಂತ ಹಿಡಿಯುವುದಿಲ್ಲ. ನಿಕ್ಕಲ್ ಇಲ್ಲದ 430 ಸ್ಟೀಲಿಗೆ ಹಿಡಿಯುತ್ತದೆ. ಹಾಗಾಗಿ ಅಂಟದಿದ್ದರೆ ಪಾತ್ರೆ ಕಳಪೆ ಅಂತಲ್ಲ, ಈ ಒಲೆಗೆ ಆಗದು ಅಷ್ಟೇ. ಆ ತಪ್ಪಲೆಯಲ್ಲಿ ಈಗ ಅಕ್ಕಿ ತೊಳೆಯುತ್ತೇನೆ.

ಒಲೆಗೆ 2,600 ರೂಪಾಯಿ ಕೊಟ್ಟಿದ್ದೆ. ಆರು ತಿಂಗಳಲ್ಲಿ ಪಾತ್ರೆಗೆ ಸುರಿದದ್ದು 4,800. ಇದನ್ನು ಯಾವ ಅಂಗಡಿಯವರೂ ಮೊದಲೇ ಹೇಳುವುದಿಲ್ಲ, ಅಲ್ವಾ?

ಅದರಲ್ಲೂ ಒಂದು ಕುಕ್ಕರ್ ದಂಡ. ಮೇಲೆ 'ಇಂಡಕ್ಷನ್ ಬೇಸ್' ಅಂತ ಚೀಟಿ ಇತ್ತು. ಅಲ್ಯೂಮಿನಿಯಂ ತಳಕ್ಕೆ ನಡುವೆ ಮಾತ್ರ ಸಣ್ಣ ತಟ್ಟೆ ಕೂರಿಸಿದ್ದರು. ಒಲೆ ಅದನ್ನು ಗುರುತಿಸುತ್ತಿತ್ತು, ಆದರೆ ವಿಸಿಲ್ ಬರಲು ಹೊತ್ತು ಹಿಡಿಯುತ್ತಿತ್ತು. ಅಂದಿನಿಂದ ಪಾತ್ರೆ ಅಂಗಡಿಗೆ ಅಯಸ್ಕಾಂತ ಪರ್ಸಿನಲ್ಲಿ ಇಟ್ಟುಕೊಂಡೇ ಹೋಗುತ್ತೇನೆ. ತಳದ ನಡುವೆ ಒಂದು ಕಡೆ ಇಟ್ಟು ನೋಡಿದರೆ ಸಾಲದು, ಅಂಚಿನವರೆಗೂ ಸರಿಸಿ ನೋಡಬೇಕು. ಎಲ್ಲ ಕಡೆ ಗಟ್ಟಿಯಾಗಿ ಹಿಡಿಯಬೇಕು. ಆಮೇಲೆ ತಳಕ್ಕೆ ಒಂದು ಸ್ಕೇಲ್ ಅಡ್ಡ ಇಟ್ಟರೆ ಸಂದು ಕಾಣಬಾರದು. ತಳ ಉಬ್ಬಿದ್ದರೆ ಪಾತ್ರೆ ಗಾಜಿನ ಮೇಲೆ ಬುಗುರಿ ಥರ ತಿರುಗುತ್ತದೆ. ಸಾರು ತುಂಬಿದ ಪಾತ್ರೆ ಹಾಗೆ ತಿರುಗಿದರೆ ಏನಾಗುತ್ತದೆ ಅಂತ ಬಿಡಿಸಿ ಹೇಳಬೇಕಿಲ್ಲ.

ಒಗ್ಗರಣೆ ಸೌಟು ಇದರ ಮೇಲೆ ನಡೆಯಲ್ಲ. ತೀರಾ ಸಣ್ಣ ತಳವನ್ನು ಒಲೆ ಪಾತ್ರೆ ಅಂತಲೇ ಒಪ್ಪುವುದಿಲ್ಲ. ಅಂಗೈಗಿಂತ ಸ್ವಲ್ಪ ಅಗಲದ, ತಳ ಸಪಾಟಾದ ಕಬ್ಬಿಣದ ಬಾಣಲೆ ತಂದುಕೊಂಡೆ. ಒಗ್ಗರಣೆಗೆ ಅದೇ ಸಾಕು. ಆದರೆ ಸಾಸಿವೆ ಹಾಕಿ ಕರಿಬೇವು ಬಿಡಿಸಲು ಆ ಕಡೆ ತಿರುಗಬೇಡಿ. ಎಣ್ಣೆ ಎಷ್ಟು ಬೇಗ ಹೊಗೆಯಾಡುತ್ತದೆ ಅಂದರೆ, ಮೊದಲ ತಿಂಗಳು ದಿನಾ ಕರಿಕಲು ಒಗ್ಗರಣೆಯೇ ತಿಂದೆವು. ನಾನ್‌ಸ್ಟಿಕ್ ಆದರೆ ಖಾಲಿ ಇಟ್ಟು 2000 ವ್ಯಾಟಿಗೆ ಹಾಕಲೇಬಾರದು. ಸುಮಾರು 260 ಡಿಗ್ರಿ ದಾಟಿದರೆ ಆ ಲೇಪ ಕೆಡಲು ಶುರುವಾಗುತ್ತದೆ, ಖಾಲಿ ತವಾ ಅಲ್ಲಿಗೆ ಬೇಗ ಮುಟ್ಟುತ್ತದೆ.

ದೋಸೆಗೆ ನನ್ನ ಅಂಕ ಕಡಿಮೆ. ಎರಕದ ಕಬ್ಬಿಣದ ಹೆಂಚು ಚೆನ್ನಾಗಿ ಹಿಡಿಯುತ್ತದೆ. ಆದರೆ ಒಳಗಿನ ಸುರುಳಿ ಹೆಂಚಿಗಿಂತ ಚಿಕ್ಕದು. ನಡುವೆ ಕೆಂಪಗೆ, ಸುತ್ತ ಬಿಳಿಚಿಕೊಂಡ ದೋಸೆ ಬರುತ್ತದೆ. 600ರಲ್ಲಿ ಐದಾರು ನಿಮಿಷ ನಿಧಾನ ಕಾಯಿಸಿದರೆ ಪರವಾಗಿಲ್ಲ. ಹೆಂಚಿಗೂ ಅದೇ ಒಳ್ಳೆಯದು, ಒಮ್ಮೆಲೇ ಜೋರು ಕಾಯಿಸಿದರೆ ಎರಕದ ಹೆಂಚು ಸೀಳುವುದುಂಟು. ಗಾಜಿನ ಮೇಲೆ ಎಳೆಯಬಾರದು, ಎತ್ತಿಯೇ ಇಡಬೇಕು.

ಗೀರು ಬೀಳದಿರಲಿ ಅಂತ ಹೆಂಚಿನ ಕೆಳಗೆ ಪೇಪರ್ ಹಾಕುವ ಐಡಿಯಾ ಯಾರೋ ಹೇಳಿದ್ದರು. ಹಾಕಿದೆ. ಮೂರನೇ ದೋಸೆಗೆ ಪೇಪರ್ ಕಂದಾಗಿ ವಾಸನೆ ಬಂತು. ಬೆಂಕಿ ಕಾಣುವುದಿಲ್ಲ ಅಷ್ಟೇ, ಹೆಂಚು ಹೆಂಚೇ. ದಯವಿಟ್ಟು ಬೇಡ.

ಮುದ್ದೆಯ ವಿಚಾರ ಕೇಳುವವರು ಜಾಸ್ತಿ. ಎಸರು ಕುದಿಯುವವರೆಗೂ, ಹಿಟ್ಟು ಬೇಯುವವರೆಗೂ ಗ್ಯಾಸಿಗಿಂತ ಚೆನ್ನ. ತೊಳಸುವುದು ಮಾತ್ರ ಇದರ ಮೇಲೆ ಬೇಡ. ನುಣ್ಣನೆ ಗಾಜು, ಕೋಲು ಹಾಕಿ ಒತ್ತಿದರೆ ಪಾತ್ರೆ ಜಾರುತ್ತದೆ. ನಾವು ಇಳಿಸಿ, ನೆಲದ ಮೇಲೆ ಸಿಂಬಿ ಇಟ್ಟು ತೊಳಸುತ್ತೇವೆ.

ಸಣ್ಣ ಉರಿ ಇದರ ದೊಡ್ಡ ಕೊರತೆ. 300 ಅಂತ ತೋರಿಸಿದರೂ ನಿಜಕ್ಕೂ ಸಣ್ಣಗೆ ಉರಿಯುವುದಿಲ್ಲ. ಕೆಲವು ಸೆಕೆಂಡ್ ಜೋರಾಗಿ ಹೊತ್ತಿ, ಕೆಲವು ಸೆಕೆಂಡ್ ಆರಿರುತ್ತದೆ. ಗುಂಯ್ ಅನ್ನುವ ಸದ್ದು ಬಂದು ಹೋಗುವುದರಿಂದಲೇ ಗೊತ್ತಾಗುತ್ತದೆ. ತೆಳು ತಳದ ಪಾತ್ರೆಯಲ್ಲಿ ಪಾಯಸ ಇಟ್ಟರೆ ತಳ ಹಿಡಿಯುವುದು ಗ್ಯಾರಂಟಿ. ಸ್ವಲ್ಪ ದಪ್ಪ ತಳ ಇದ್ದರೆ ಈ ಆಟ ಅಷ್ಟಾಗಿ ಗೊತ್ತಾಗದು. ಹಾಲು, ಇಡ್ಲಿ ಅಂತ ಬರೆದ ಬಟನ್‌ಗಳಿವೆ, ಎಲ್ಲ ಸುಮ್ನೆ.

ಈಗ ಕರೆಂಟಿನ ವಿಷಯಕ್ಕೆ ಬರುತ್ತೇನೆ. ನಾನು ದಡ್ಡತನ ಮಾಡಿದ್ದು ಇಲ್ಲೇ.

2000 ವ್ಯಾಟ್ ಅಂದರೆ 230 ವೋಲ್ಟಿನಲ್ಲಿ ಸುಮಾರು 8.7 ಆಂಪ್. ಮೊಬೈಲ್ ಚಾರ್ಜರ್ ಹಾಕುವ ಸಣ್ಣ ಸಾಕೆಟ್ ಇರುವುದೇ 6 ಆಂಪಿಗೆ. ನಮ್ಮ ಅಡುಗೆಮನೆಯಲ್ಲಿ ದಪ್ಪ ಪಿನ್ನಿನ ಪಾಯಿಂಟ್ ಇರಲಿಲ್ಲ. ಕನ್ವರ್ಷನ್ ಪ್ಲಗ್ ಹಾಕಿ ನಡೆಸಿದೆ. ಮೂರನೇ ವಾರ ಅನ್ನ ಸೀದ ವಾಸನೆ ಅಂತ ಓಡಿ ಬಂದರೆ, ಸೀದದ್ದು ಪ್ಲಗ್. ಒಂದು ಪಕ್ಕ ಕರಗಿ ಸಾಕೆಟ್ಟಿಗೇ ಅಂಟಿಕೊಂಡಿತ್ತು.

ಎಲೆಕ್ಟ್ರಿಷಿಯನ್ ಬಂದು ನೋಡಿದಾಗ ಇನ್ನೊಂದು ಹುಳುಕೂ ಹೊರಬಂತು. ಸ್ಟೀಲ್ ಸೌಟಿನಲ್ಲಿ ಸಾರು ತಿರುವುವಾಗ ಆಗಾಗ ಕೈ ಜುಂ ಅನ್ನುತ್ತಿತ್ತು. ನಾನು ಕೈ ಒದ್ದೆ ಇದ್ದದ್ದಕ್ಕೆ ಇರಬೇಕು ಅಂದುಕೊಂಡಿದ್ದೆ. ನೋಡಿದರೆ ಸಾಕೆಟ್ಟಿನ ಮೇಲಿನ ತೂತಿಗೆ ಅರ್ಥಿಂಗ್ ತಂತಿಯೇ ಜೋಡಿಸಿರಲಿಲ್ಲ! ಬರೀ ತೂತು. ಬೋರ್ಡಿನಿಂದ ಬೇರೆಯೇ 4 ಸ್ಕ್ವೇರ್ ಎಂಎಂ ತಂತಿ ಎಳೆದು, 16 ಆಂಪ್ ಸಾಕೆಟ್, ಅದಕ್ಕೆ ಪ್ರತ್ಯೇಕ ಎಂಸಿಬಿ (ಲೋಡ್ ಮೀರಿದರೆ ತಾನೇ ಆರುವ ಸ್ವಿಚ್), ಅರ್ಥಿಂಗ್ ಎಲ್ಲ ಮಾಡಿಕೊಟ್ಟರು. ಖರ್ಚನ್ನು ಬಾಡಿಗೆಯಲ್ಲಿ ಮುರಿದುಕೊಳ್ಳಲು ಓನರ್ ಒಪ್ಪಿದ್ದು ಎರಡು ತಿಂಗಳ ಜಗಳದ ಮೇಲೆ. ಎಕ್ಸ್‌ಟೆನ್ಷನ್ ಬಾಕ್ಸಿಗೆ ಈ ಒಲೆ ಹಾಕುವವರನ್ನು ಕಂಡರೆ ಈಗ ಎದೆ ಧಸಕ್ ಅನ್ನುತ್ತದೆ.

ಮಾವನಿಗೆ ಪೇಸ್‌ಮೇಕರ್ ಹಾಕಿದ್ದಾರೆ. ಹೊತ್ತಿರುವ ಇಂಡಕ್ಷನ್ ಒಲೆಯಿಂದ ಎರಡಡಿ ದೂರ ಇರಿ ಅಂತ ಡಾಕ್ಟರು ಹೇಳಿದ್ದಾರೆ. ಕಾಫಿ ಕಾಯಿಸಿಕೊಳ್ಳುವ ಅವರ ಹಕ್ಕು ಹಾಗೆ ಹೋಯಿತು, ಅದರ ಬಗ್ಗೆ ಮುನಿಸು ಇನ್ನೂ ಇದೆ.

ಆರಿಸುವಾಗ ಮೊದಲು ಒಲೆಯ ಬಟನ್ ಒತ್ತಿ. ಒಳಗಿನ ಫ್ಯಾನ್ ನಿಲ್ಲುವವರೆಗೂ ಗೋಡೆಯ ಸ್ವಿಚ್ ಮುಟ್ಟಬೇಡಿ. ಫ್ಯಾನಿನ ಗಾಳಿ ಕೆಳಗಿನಿಂದ ಹೋಗುತ್ತದೆ, ಹಾಗಾಗಿ ಒಲೆಯ ಕೆಳಗೆ ಪ್ಲಾಸ್ಟಿಕ್ ಹಾಳೆ ಹಾಸಬಾರದು. ಜಾಗ ಇಲ್ಲ ಅಂತ ಗ್ಯಾಸ್ ಸ್ಟವ್ ಮೇಲೇ ಇದನ್ನು ಇಡುವವರಿದ್ದಾರೆ. ಮರೆತು ಗ್ಯಾಸ್ ನಾಬ್ ತಿರುಗಿಸಿದರೆ ಮುಗಿಯಿತು.

ರಿಪೇರಿ ಒಂದೇ ಸಲ, ಕಳೆದ ವರ್ಷ. ಬಿಚ್ಚಿದರೆ ಒಳಗೆ ಜಿರಲೆ ಸಂಸಾರ. ಬೆಚ್ಚಗೆ, ಕತ್ತಲು, ಅವಕ್ಕೆ ಇನ್ನೇನು ಬೇಕು? ಬೋರ್ಡ್ ಸುಟ್ಟಿತ್ತು, 850 ರೂಪಾಯಿ ಆಯಿತು. ಈಗ ರಾತ್ರಿ ಒರೆಸಿ, ಬಟ್ಟೆ ಚೀಲದಲ್ಲಿ ಹಾಕಿ ಎತ್ತಿಡುತ್ತೇನೆ.

ಬಿಲ್ಲಿನ ಲೆಕ್ಕ ಹೀಗಿದೆ. ಮೀಟರ್ ನೋಡಿ ಬರೆದಿಟ್ಟಂತೆ ದಿನಕ್ಕೆ ಒಂದೂವರೆ ಯೂನಿಟ್, ತಿಂಗಳಿಗೆ ಸುಮಾರು 45. ಗೃಹಜ್ಯೋತಿಯಲ್ಲಿ ನಮ್ಮ ಮಿತಿ ಕಟ್ಟಿದ್ದು 2022-23ರ ಸರಾಸರಿಯ ಮೇಲೆ. ಆಗ ಒಲೆ ಹೆಚ್ಚು ಕಡಿಮೆ ಇರಲೇ ಇಲ್ಲ. ಸರಾಸರಿ 88, ಅದಕ್ಕೆ ಶೇಕಡಾ 10 ಸೇರಿ ಸುಮಾರು 97 ಯೂನಿಟ್ ಉಚಿತ. ಈಗ ಖರ್ಚಾಗುವುದು 130ರ ಮೇಲೆ. ಹೆಚ್ಚಿನದಕ್ಕೆ ದುಡ್ಡು ಕಟ್ಟುತ್ತೇವೆ. ಬೇಸಿಗೆಯಲ್ಲಿ 200 ದಾಟಿದರೆ ಪೂರ್ತಿ ಬಿಲ್ ನಮ್ಮದೇ, ಅದಕ್ಕೆ ಏಪ್ರಿಲ್-ಮೇ ತಿಂಗಳಲ್ಲಿ ಮೀಟರ್ ಮೇಲೆ ಒಂದು ಕಣ್ಣು ಇರುತ್ತದೆ. ಇನ್ನೊಂದು ಕಡೆ, ಒಂದೂವರೆ ತಿಂಗಳು ಬರುತ್ತಿದ್ದ ಸಿಲಿಂಡರ್ ಈಗ ಮೂರು ತಿಂಗಳು ಬರುತ್ತದೆ.

ಐದಕ್ಕೆ ನಾಲ್ಕು ಕೊಡುತ್ತೇನೆ. ಇದು ಹೋದರೆ ಮತ್ತೆ ಇಂಥದ್ದನ್ನೇ ಕೊಳ್ಳುತ್ತೇನೆ, ಅದೂ ಒತ್ತುವ ಬಟನ್ ಇರುವುದನ್ನೇ. ತಂಗಿ ಮನೆಯ ಟಚ್ ಒಲೆ ಹಾಲು ಉಕ್ಕಿ ಚೆಲ್ಲಿದರೆ ತಾನೇ ತಾನಾಗಿ ಕೂಗಿಕೊಳ್ಳುತ್ತದೆ, ಒದ್ದೆ ಬೆರಳಿಗೆ ಕಿವಿಗೊಡುವುದಿಲ್ಲ. ಗ್ಯಾಸ್ ತೆಗೆಸಿಲ್ಲ. ಹಪ್ಪಳ ಸುಡಲು, ಪುಲ್ಕಾ ಉಬ್ಬಿಸಲು, ಬದನೆಕಾಯಿ ಗೊಜ್ಜಿಗೆ ಬೆಂಕಿಯೇ ಬೇಕು. ಕರೆಂಟ್ ಹೋದಾಗಲೂ ಅಷ್ಟೇ, ಮನೆಯ ಯುಪಿಎಸ್‌ಗೆ ಈ ಒಲೆ ಎಳೆಯುವ ತಾಕತ್ತಿಲ್ಲ. ಆಗ ಅತ್ತೆ ಲೈಟರ್ ಹುಡುಕುತ್ತಾ "ಕೂಗೋ ಡಬ್ಬ ಮಲಗ್ತಾ?" ಅನ್ನುತ್ತಾರೆ.