ವಂಶವೃಕ್ಷದ ಹಳೆ ಸಿಡಿ, ಹೊಸ ಲ್ಯಾಪ್‌ಟಾಪ್: 24 ವರ್ಷ ಬಳಸಿದವನ ಅನುಭವ

ವಂಶವೃಕ್ಷ ತುಂಬಿಸಿಡುವ ಈ ತಂತ್ರಾಂಶದ ಹೆಸರು ಬರೆಯುವುದಿಲ್ಲ. 2001ರಲ್ಲಿ ಭಾವಮೈದ ಅಮೆರಿಕದಿಂದ ತಂದುಕೊಟ್ಟ ಸಿಡಿ ಅದು. ವಿಂಡೋಸ್ 98ರ ಕಾಲದ ಸರಕು. ವಿಂಡೋಸ್ 11ರಲ್ಲಿ ಓಡಲಿಲ್ಲ ಅಂತ ಈಗ ಹೆಸರು ಹಿಡಿದು ಬೈಯುವುದು ನ್ಯಾಯ ಅಲ್ಲ. ಅದೇ ಕಾಲದ ಇನ್ನೊಂದು ಸಿಡಿ ನಿಮ್ಮ ಬೀರುವಿನಲ್ಲಿದ್ದರೂ ಪಾಡು ಇದೇ.

ಅದರಲ್ಲಿ ಏನೇನಿದೆ ಅಂತ ಪಟ್ಟಿ ಕೊಡುವುದಿಲ್ಲ. ನನಗೆ ಅದು ಯಾಕೆ ಬೇಕು ಅನ್ನುವುದನ್ನಷ್ಟೇ ಹೇಳುತ್ತೇನೆ. ಭಾನುವಾರ ಊಟ ಆದಮೇಲೆ ಚಿಕ್ಕಮ್ಮನಿಗೆ ಫೋನ್ ಮಾಡುತ್ತೇನೆ. ಅವರಿಗೆ ಈಗ 88. "ಹಿರಿಯೂರು ಕಡೆ ಕೊಟ್ಟಿದ್ವಲ್ಲ ಗಂಗಮ್ಮ, ಅವಳ ಎರಡನೇ ಮಗ..." ಅಂತ ಶುರು ಮಾಡುತ್ತಾರೆ. ಎಡಗೈಯಲ್ಲಿ ಫೋನು, ಬಲಗೈ ಕೀಬೋರ್ಡಿನ ಮೇಲೆ. ಹೆಸರು, ಟ್ಯಾಬ್, ವರ್ಷ, ಟ್ಯಾಬ್, ಊರು, ಎಂಟರ್. ಮೌಸ್ ಮುಟ್ಟುವ ಹಾಗೇ ಇಲ್ಲ. "ಬರ್ಕೊಂಡೇನಪ್ಪಾ?" ಅಂತ ಅವರು ಕೇಳುವಷ್ಟರಲ್ಲಿ ಮುಗಿದಿರುತ್ತದೆ. ಈಗಿನ ತಂತ್ರಾಂಶಗಳಲ್ಲಿ ಹುಟ್ಟಿಗೊಂದು ಕಿಟಕಿ, ಸಾವಿಗೊಂದು ಕಿಟಕಿ. ಚಿಕ್ಕಮ್ಮ ಅಷ್ಟು ಹೊತ್ತು ಕಾಯುವವರಲ್ಲ.

2003ರಲ್ಲಿ ಊರಿಗೆ ಹೆಳವರು, ಅಂದರೆ ಮನೆತನಗಳ ವಂಶಾವಳಿ ಬರೆದಿಟ್ಟು ಓದಿ ಹೇಳುವವರು, ಬಂದಿದ್ದರು. ಪುಸ್ತಕ ಬಿಚ್ಚಿ ನಮ್ಮ ಮನೆತನದ ಏಳು ತಲೆಮಾರು ಓದಿದರು. ಜೋಳ, ಒಂದು ಕಂಬಳಿ ಕೊಟ್ಟು ಕಳಿಸಿದೆವು. ಆ ರಾತ್ರಿಯೆಲ್ಲ ಕೂತು ಟೈಪ್ ಮಾಡಿದ್ದೇ ಈ ವೃಕ್ಷದ ಬುಡ. ಪ್ರತಿ ವರ್ಷ ಹಿರಿಯರ ಹಬ್ಬಕ್ಕೆ ಒಂದು ಹಾಳೆ ಪ್ರಿಂಟ್ ತೆಗೆಯುತ್ತೇನೆ, ಎಡೆ ಇಡುವಾಗ ಹೆಸರು ಹೇಳಲಿಕ್ಕೆ. ನಮ್ಮಜ್ಜಿಯನ್ನು ಸೋದರಮಾವನಿಗೇ ಕೊಟ್ಟಿದ್ದು. ಹಾಗಾಗಿ ಮುತ್ತಜ್ಜಿ ಹಾಳೆಯಲ್ಲಿ ಎರಡು ಕಡೆ ಬರುತ್ತಾಳೆ, ಒಮ್ಮೆ ಅಜ್ಜನ ತಾಯಿಯಾಗಿ, ಇನ್ನೊಮ್ಮೆ ಅಜ್ಜಿಯ ಅಜ್ಜಿಯಾಗಿ. ಮೊದಲ ಸಲ ನೋಡಿದಾಗ ಕಂಪ್ಯೂಟರೇ ಕೆಟ್ಟಿತು ಅಂದುಕೊಂಡಿದ್ದೆ!

ಕಳೆದ ವರ್ಷ ಹಳೆ ಡೆಸ್ಕ್‌ಟಾಪ್ ನಿಜವಾಗಿಯೂ ಕೆಟ್ಟಿತು. ಪೆನ್ಶನ್ ದುಡ್ಡಿನಲ್ಲಿ 40 ಸಾವಿರದ ಲ್ಯಾಪ್‌ಟಾಪ್ ತಂದೆ. ಸಿಡಿ ಹಾಕಲು ಜಾಗವೇ ಇಲ್ಲ. ಹೊರಗಿನಿಂದ ಸಿಕ್ಕಿಸುವ ಡಿವಿಡಿ ಡ್ರೈವ್‌ಗೆ ಮತ್ತೆ 1,400 ರೂಪಾಯಿ. ಸೆಟಪ್ ಒತ್ತಿದರೆ ಈ ಆ್ಯಪ್ ನಿಮ್ಮ ಪಿಸಿಯಲ್ಲಿ ಓಡುವುದಿಲ್ಲ ಅಂತ ನೀಲಿ ಪಟ್ಟಿ. ಅಂಗಡಿ ಹುಡುಗ, ಹಳೆ ವಿಂಡೋಸ್ ಅಂತ ನಂಬಿಸಿ ಓಡಿಸುವ ಕಂಪ್ಯಾಟಿಬಿಲಿಟಿಗೆ ಹೋಗಿ ವಿಂಡೋಸ್ 98 ಟಿಕ್ ಮಾಡಿದ. ಅದೇ ಪಟ್ಟಿ. "ಹೊಸದು ತಗೊಳ್ಳಿ ಅಂಕಲ್" ಅಂದ.

ಕಾರಣ ಆಮೇಲೆ ತಿಳಿಯಿತು. ತಂತ್ರಾಂಶ 32 ಬಿಟ್‌ನದು, ಅದು ಇವತ್ತಿಗೂ ಓಡುತ್ತದೆ. ಆದರೆ ಅದನ್ನು ಕೂರಿಸುವ ಸೆಟಪ್ 16 ಬಿಟ್‌ನದು, ಅದಕ್ಕಿಂತ ಹಳೆ ತಲೆಮಾರಿನ ಬಗೆ. ವಿಂಡೋಸ್ 11 ಬರುವುದೇ 64 ಬಿಟ್‌ನಲ್ಲಿ, ಅದಕ್ಕೆ 16 ಬಿಟ್ ಗೊತ್ತಿಲ್ಲ. ಏನು ಟಿಕ್ ಮಾಡಿದರೂ ಅಷ್ಟೇ. ಒಳಗಿರುವವನು ಗಟ್ಟಿಮುಟ್ಟಾಗಿದ್ದಾನೆ, ಬಾಗಿಲು ತೆಗೆಯುವವನು ಸತ್ತಿದ್ದಾನೆ.

ಹಾಗಾದರೆ ಬಾಗಿಲು ಯಾಕೆ ಬೇಕು? ಹಳೆ ಡೆಸ್ಕ್‌ಟಾಪಿನ ಹಾರ್ಡ್ ಡಿಸ್ಕ್ ಬಿಚ್ಚಿಸಿ, ಕೇಸಿಂಗ್‌ಗೆ ಹಾಕಿ, ತಂತ್ರಾಂಶದ ಇಡೀ ಫೋಲ್ಡರ್ ಕಾಪಿ ಮಾಡಿದೆ. ತಾನು ಓಡಲು ಬೇಕಾದ ಡಿಎಲ್‌ಎಲ್ ಅನ್ನುವ ಒಂದು ಸಹಾಯಕ ಫೈಲ್ ಇಲ್ಲ ಅಂತ ಗೊಣಗಿತು. ಅದನ್ನೂ ಹಳೆ ಡಿಸ್ಕಿನ ವಿಂಡೋಸ್ ಒಳಗಿನ ಸಿಸ್ಟಂ32 ಫೋಲ್ಡರ್‌ನಿಂದ ತಂದು ಅದೇ ಫೋಲ್ಡರ್‌ನಲ್ಲಿಟ್ಟೆ. ಓಡಿತು! ಎಫ್1 ಒತ್ತಿದರೆ ಹೆಲ್ಪ್ ಮಾತ್ರ ಬರುವುದಿಲ್ಲ, ಆ ಹಳೆ ಹೆಲ್ಪ್ ಫೈಲುಗಳನ್ನು ವಿಂಡೋಸ್ ಕೈಬಿಟ್ಟು ಎಷ್ಟೋ ಕಾಲವಾಯಿತು. ಹೋಗಲಿ ಬಿಡಿ. ನೀವೂ ಕಾಪಿ ಮಾಡಿ ನೋಡಬಹುದು, ಎಲ್ಲ ತಂತ್ರಾಂಶವೂ ಇಷ್ಟಕ್ಕೆ ಒಪ್ಪುವುದಿಲ್ಲ.

ಇಲ್ಲಿಗೆ ಮುಗಿದಿದ್ದರೆ ಐದಕ್ಕೆ ಐದು ಕೊಡುತ್ತಿದ್ದೆ. ಆದರೆ ಒಂದು ಭಾನುವಾರ ತೆಗೆದು ನೋಡಿದರೆ ಹಿಂದಿನ ಮೂರು ವಾರ ತುಂಬಿಸಿದ ಹೆಸರುಗಳೇ ಇಲ್ಲ. ಮಾರನೇ ದಿನ ಅವೆಲ್ಲ ಇವೆ, ಶನಿವಾರ ಸೇರಿಸಿದ್ದು ಇಲ್ಲ. "ನೀವು ಬರ್ದೇ ಇಲ್ವೇನೋ" ಅಂದಳು ಹೆಂಡತಿ. ನನಗೂ ಹಾಗೇ ಅನ್ನಿಸಲು ಶುರುವಾಯಿತು. 66 ವಯಸ್ಸಿನಲ್ಲಿ ಇಂಥ ಅನುಮಾನ ಸಣ್ಣದಲ್ಲ.

ಆಗಿದ್ದು ಇಷ್ಟು. ಫೋಲ್ಡರನ್ನು ನಾನು, ವಿಂಡೋಸ್ ತಂತ್ರಾಂಶಗಳನ್ನು ಕೂರಿಸುವ ಪ್ರೋಗ್ರಾಂ ಫೈಲ್ಸ್ ಒಳಗೆ ಇಟ್ಟಿದ್ದೆ. 2007ರ ವಿಂಡೋಸ್ ವಿಸ್ತಾದಿಂದ ಈಚೆಗೆ ಮಾಮೂಲಿ ತಂತ್ರಾಂಶ ಅಲ್ಲಿ ಬರೆಯುವ ಹಾಗಿಲ್ಲ. ಹಳೆಯವು ಬರೆಯಲು ಹೋದರೆ ವಿಂಡೋಸ್ ಬೇಡ ಅನ್ನುವುದಿಲ್ಲ, ಸುಮ್ನೆ ವರ್ಚುವಲ್‌ಸ್ಟೋರ್ ಅನ್ನುವ ಬೇರೆ ಫೋಲ್ಡರ್‌ನಲ್ಲಿ ನಕಲು ಇಟ್ಟುಕೊಳ್ಳುತ್ತದೆ. ಅದು ಇರುವುದು ಕಣ್ಣಿಗೆ ಬೀಳದ ಆ್ಯಪ್‌ಡೇಟಾ ಒಳಗೆ. ಅಡ್ಮಿನಿಸ್ಟ್ರೇಟರ್ ಆಗಿ, ಅಂದರೆ ಪೂರ್ತಿ ಅಧಿಕಾರ ಕೊಟ್ಟು ತೆರೆದರೆ ಮಾತ್ರ ನಿಜವಾದ ಜಾಗಕ್ಕೇ ಬರೆಯುತ್ತದೆ. ಅಂಗಡಿ ಹುಡುಗ ಲ್ಯಾಪ್‌ಟಾಪ್ ಪರದೆಯ ಮೇಲಿನ ಐಕಾನನ್ನು ಅಡ್ಮಿನ್ ಮಾಡಿಟ್ಟಿದ್ದ, ಪರದೆಯ ಕೆಳಗಿನ ಪಟ್ಟಿಯಲ್ಲಿದ್ದ ಐಕಾನ್ ಮಾಮೂಲಿ. ಯಾವುದನ್ನು ಒತ್ತಿದೆ ಅನ್ನುವುದರ ಮೇಲೆ ನಮ್ಮ ವಂಶ ಎರಡಾಗಿತ್ತು. ಒಂದರಲ್ಲಿ 61 ಹೊಸ ಹೆಸರು, ಇನ್ನೊಂದರಲ್ಲಿ 38.

ಈಗ ಫೋಲ್ಡರ್ ಸಿ ಡ್ರೈವ್‌ನಲ್ಲಿ ಬೇರೆಯಾಗಿ ಇದೆ, ಡೇಟಾ ಡಾಕ್ಯುಮೆಂಟ್ಸ್‌ನಲ್ಲಿ, ಐಕಾನ್ ಒಂದೇ. ಎರಡು ವಂಶ ಕೂಡಿಸಲು ಎರಡು ಭಾನುವಾರ ಹೋದವು. ನನ್ನ ಮಾತು ಕೇಳುವುದಾದರೆ ಇದನ್ನು ಮೊದಲೇ ಮಾಡಿ.

ಆ ಹೆದರಿಕೆಯಲ್ಲೇ ಮೊದಲ ಸಲ ಎಲ್ಲವನ್ನೂ ಗೆಡ್‌ಕಾಮ್ ಆಗಿ ಎಕ್ಸ್‌ಪೋರ್ಟ್ ಮಾಡಿದೆ. ವಂಶವೃಕ್ಷಗಳನ್ನು ಒಂದು ತಂತ್ರಾಂಶದಿಂದ ಇನ್ನೊಂದಕ್ಕೆ ಸಾಗಿಸುವ ಫೈಲ್ ಅದು. ಅಮೆರಿಕದ ಮಾರ್ಮನ್ ಚರ್ಚಿನವರು 1984ರಲ್ಲಿ ಶುರು ಮಾಡಿದ್ದು. ನೋಟ್‌ಪ್ಯಾಡ್‌ನಲ್ಲಿ ತೆರೆದರೆ ಎಲ್ಲ ಬರೀ ಅಕ್ಷರ. ಸಾಲಿನ ಮೊದಲು 0, 1, 2. ಮನೆತನದ ಹೆಸರು ಎರಡು ಓರೆಗೆರೆಗಳ ನಡುವೆ ಬರಬೇಕು. ನಮ್ಮಜ್ಜಿಗೆ ಅಂಥ ಹೆಸರೇ ಇರಲಿಲ್ಲ. ಸಿದ್ದಮ್ಮ, ಆಮೇಲೆ ಎರಡು ಗೆರೆ, ನಡುವೆ ಖಾಲಿ. ಎಷ್ಟೋ ಹೊತ್ತು ಅದನ್ನೇ ನೋಡುತ್ತ ಕೂತಿದ್ದೆ.

ಆ ಫೈಲನ್ನು ಗ್ರಾಂಪ್ಸ್ ಅನ್ನುವ ಇನ್ನೊಂದು ವಂಶವೃಕ್ಷ ತಂತ್ರಾಂಶಕ್ಕೆ ಹಾಕಿದೆ. ಅದಕ್ಕೆ ದುಡ್ಡು ಕೊಡಬೇಕಿಲ್ಲ. 1,312 ಜನವೂ ಬಂದರು. ಈಗ ಹೊಸದಾಗಿ ಶುರು ಮಾಡುವವರು ಹಳೆ ಸಿಡಿ ಹುಡುಕಲೇಬೇಡಿ, ಸೀದಾ ಇದಕ್ಕೇ ಹೋಗಿ. ವರ್ಷವರ್ಷ ಚಂದಾ ಕೇಳುವ ಜಾಲತಾಣಗಳು ನನ್ನ ಪೆನ್ಶನ್‌ಗೆ ಒಗ್ಗುವುದಿಲ್ಲ. ಭಾನುವಾರದ ಫೋನಿಗೆ ಮಾತ್ರ ನನಗೆ ಈಗಲೂ ಹಳೆಯದೇ. ಅದಕ್ಕೆ ಮೂರೂವರೆ ಸ್ಟಾರ್.

ಹಳೆಯದರಲ್ಲಿ ಕನ್ನಡ ಟೈಪ್ ಮಾಡಿದರೆ ಬರೀ ಪ್ರಶ್ನೆ ಚಿಹ್ನೆ. ಅದಕ್ಕೇ 24 ವರ್ಷವೂ ಹೆಸರುಗಳನ್ನು ಇಂಗ್ಲಿಷ್‌ನಲ್ಲಿ ಬರೆದಿದ್ದೆ. ಗ್ರಾಂಪ್ಸ್ ಕನ್ನಡ ತೆಗೆದುಕೊಳ್ಳುತ್ತದೆ. ಈ ಸಲದ ಹಬ್ಬಕ್ಕೆ ಎಡೆಯ ಹಾಳೆಯ ಹೆಸರುಗಳನ್ನು ಕನ್ನಡದಲ್ಲಿ ಮತ್ತೆ ಟೈಪ್ ಮಾಡಿ, ಪ್ರಿಂಟ್ ತೆಗೆದು, ಚಿಕ್ಕಮ್ಮನಿಗೂ ಒಂದು ಕಳಿಸಿದೆ. ಅವರು ಹಾಳೆಯನ್ನು ತಾವೇ ಓದಿದ್ದು ಇದೇ ಮೊದಲು. ಸಂಜೆ ಅವರೇ ಫೋನ್ ಮಾಡಿದರು.

"ನಿಮ್ಮಜ್ಜನ ಅಣ್ಣ ಬಾಲಪ್ಪ ಅಲ್ಲ ಕಣಪ್ಪಾ, ಬಾಳಪ್ಪ."